ಹತ್ತು ನಿಮಿಷದ ಟೆಸ್ಟ್ ರೈಡ್ ಮತ್ತು ಐದನೇ ಗಂಟೆಯ ಬೈಕು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟಗಳಲ್ಲಿ ಸ್ಪೋರ್ಟ್ ಟೂರಿಂಗ್ ಬೈಕುಗಳ (ವೇಗವಾಗಿ ದೂರ ಹೋಗಲೆಂದು ಮಾಡಿದ ದೊಡ್ಡ ಬೈಕುಗಳು) ಬಗ್ಗೆ ಬರೆಯುವಾಗ ಅಶ್ವಶಕ್ತಿ ಎಷ್ಟು, 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಎಂಬ ವಿವರಗಳಿಗೆ ಕೊರತೆ ಇರುವುದಿಲ್ಲ. ಆ ಬೈಕು ಎಷ್ಟು ಭಾರ ಹೊರುತ್ತದೆ ಎಂಬ ಅಂಕಿ ಮಾತ್ರ ಕಣ್ಣಿಗೆ ಬೀಳುವುದೇ ಅಪರೂಪ. ಇಂಥ ವಿಮರ್ಶೆ ಓದಿಕೊಂಡವರು ಶೋರೂಮಿಗೆ ಹೋಗಿ ಹತ್ತು ನಿಮಿಷ ಓಡಿಸಿ, ಎಂಜಿನ್ನಿನ ಎಳೆತಕ್ಕೆ ಮನಸೋತು ಮುಂಗಡ ಕೊಟ್ಟು ಬರುತ್ತಾರೆ. ಇಂಥ ಬೈಕನ್ನು ಕೊಳ್ಳುವುದೇ ದಿನಕ್ಕೆ ನಾಲ್ಕೈದು ನೂರು ಕಿ.ಮೀ. ಹೋಗಲೆಂದು. ಹತ್ತು ನಿಮಿಷದಲ್ಲಿ ಹಿತವಾಗಿ ತೋರುವ ಎಷ್ಟೋ ಗುಣಗಳು ಐದನೇ ಗಂಟೆಯ ಹೊತ್ತಿಗೆ ತಿರುಗಿಬೀಳುತ್ತವೆ.

ಸೀಟನ್ನೇ ನೋಡಿ. ಕುಳಿತ ತಕ್ಷಣ ಮೆತ್ತಗೆ ತಬ್ಬಿಕೊಳ್ಳುವ ಸೀಟು ಶೋರೂಮಿನಲ್ಲಿ ಗೆಲ್ಲುತ್ತದೆ. ಮೆತ್ತನೆಯ ಫೋಮ್ ಮುಕ್ಕಾಲು ಗಂಟೆಯಲ್ಲಿ ಪೂರ್ತಿ ಅದುಮಿಹೋಗಿ, ಕುಂಡಿಯ ಎರಡು ಮೂಳೆಗಳು ಕೆಳಗಿನ ಪ್ಲಾಸ್ಟಿಕ್ ತಳದ ಮೇಲೆ ಕೂತ ಹಾಗಾಗುತ್ತದೆ. ಮೊದಲಿಗೆ ತುಸು ಗಟ್ಟಿ ಎನಿಸಿದ, ಅಗಲವಾದ, ಮುಂದಕ್ಕೆ ಜಾರಿಸದ ಸೀಟೇ ದೂರದ ದಾರಿಗೆ ವಾಸಿ. ಇದು ಗೊತ್ತಾಗಬೇಕಾದರೆ ಕನಿಷ್ಠ ಒಂದು ಗಂಟೆ ಇಳಿಯದೆ ಓಡಿಸಬೇಕು. ಆದ್ದರಿಂದ ಒಂದು ಗಂಟೆ ಅಥವಾ 45 ಕಿ.ಮೀ. ಟೆಸ್ಟ್ ರೈಡ್ ಕೇಳುವುದು ದುರಾಸೆಯಲ್ಲ. ಕೊಡದಿದ್ದರೆ ಅದೇ ಮಾಡೆಲನ್ನು ಒಂದು ದಿನ ಬಾಡಿಗೆಗೆ ಪಡೆಯುವುದು ಒಳ್ಳೆಯದು. ಆ ಬಾಡಿಗೆಯನ್ನು ಬೈಕಿನ ಬೆಲೆಯ ಪಕ್ಕ ಇಟ್ಟು ನೋಡಿದರೆ ದಂಡ ಎನಿಸುವುದಿಲ್ಲ.

ಹೊರಡುವ ಮುಂಚೆ ಹತ್ತು ನಿಮಿಷ ಬೈಕನ್ನು ನಿಲ್ಲಿಸಿಕೊಂಡೇ ನೋಡಬೇಕು. ಮೊದಲು ಟೈರಿನ ಗಾಳಿ. ಈ ವರ್ಗದ ಹಲವು ಬೈಕುಗಳಿಗೆ ಟೈರು ತಣ್ಣಗಿರುವಾಗ ಮುಂದೆ 36, ಹಿಂದೆ 42 ಪಿಎಸ್‌ಐ ಹೇಳಿರುತ್ತಾರೆ. ಸರಿಯಾದ ಅಂಕಿ ಚೈನಿನ ಪಕ್ಕದ ತೋಳಿನ ಮೇಲೋ ಸೀಟಿನ ಕೆಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಡೆಮೊ ಬೈಕುಗಳ ಗಾಳಿ ನೋಡುವವರು ಕಡಿಮೆ. ಏಳೆಂಟು ಪಿಎಸ್‌ಐ ಇಳಿದಿದ್ದರೆ ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಬೈಕು ಬಾಗಲು ಒಲ್ಲೆನ್ನುತ್ತದೆ. ಹಾಗೆಯೇ ಹೆದ್ದಾರಿಯಲ್ಲೇ ಸವೆದು ನಡು ಚಪ್ಪಟೆಯಾದ ಹಿಂಟೈರು: ಬಾಗಿಸುವಾಗ ಮೊದಲು ತಡೆಯುತ್ತದೆ, ಅಂಚು ದಾಟಿದೊಡನೆ ದಬಕ್ಕೆಂದು ಒಳಕ್ಕೆ ಬೀಳುತ್ತದೆ. ಒಳ್ಳೆಯ ಚಾಸಿಗೆ (ಬೈಕಿನ ಚೌಕಟ್ಟಿಗೆ) ಕೆಟ್ಟ ಹೆಸರು ಬರುವುದು ಹೆಚ್ಚಾಗಿ ಹೀಗೆಯೇ. ಜೇಬಿನಲ್ಲಿ ಒಂದು ಗೇಜ್ ಇರಲಿ. ಟೈರು ತೀರಾ ಹೊಸದಾಗಿದ್ದರೆ ಮೊದಲ 100 ಕಿ.ಮೀ.ವರೆಗೆ ಅದರ ಹಿಡಿತವನ್ನು ನಂಬಬಾರದು.

ಆಮೇಲೆ ಹಿಂದಿನ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಎಷ್ಟು ಬಿಗಿದಿಟ್ಟಿದೆ ಎಂಬುದು. ಕಾರ್ಖಾನೆಯಿಂದ ಬರುವಾಗ ಅದನ್ನು ಸಾಮಾನ್ಯವಾಗಿ ಒಬ್ಬನೇ ಸವಾರನ ತೂಕಕ್ಕೆ ಹೊಂದಿಸಿರುತ್ತಾರೆ. 95 ಕೆ.ಜಿ. ಇರುವವರು ಹಾಗೆಯೇ ಹತ್ತಿದರೆ ಹಿಂಭಾಗ ಕುಸಿದು ಮುಂಭಾಗ ಎದ್ದು, ತಿರುವಿನಲ್ಲಿ ಬೈಕು ಹೊರಗೆಳೆಯುತ್ತದೆ. ಇದನ್ನು ಅಳೆಯಲು ಒಂದು ಟೇಪು, ಒಬ್ಬ ಜೊತೆಗಾರ ಸಾಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರ ನೆಲ ಬಿಟ್ಟಿರುವಾಗ, ಅದರ ಆಕ್ಸಲ್ಲಿನಿಂದ ನೇರ ಮೇಲೆ ಬಾಡಿಯ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ನಂತರ ಸ್ಟ್ಯಾಂಡ್ ತೆಗೆದು, ಹೆಲ್ಮೆಟ್, ಜಾಕೆಟ್, ಬೂಟು ಹಾಕಿಕೊಂಡು ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು ಕುಳಿತಾಗ, ಜೊತೆಗಾರ ಬೈಕನ್ನು ನೆಟ್ಟಗೆ ಹಿಡಿದುಕೊಂಡು ಮತ್ತೆ ಅದೇ ಎರಡು ಗುರುತುಗಳ ನಡುವೆ ಅಳೆಯಲಿ. ವ್ಯತ್ಯಾಸ 30ರಿಂದ 40 ಮಿ.ಮೀ. ಒಳಗಿದ್ದರೆ ಸರಿ. 50 ದಾಟಿದರೆ ಪ್ರೀಲೋಡ್ ಗುಬುಟನ್ನು ಬಿಗಿ ಮಾಡಬೇಕು. ಇಷ್ಟು ಮಾಡದೆ ‘ಸಸ್ಪೆನ್ಷನ್ ಸರಿಯಿಲ್ಲ’ ಎಂದು ತೀರ್ಪು ಕೊಡುವುದು ಬೇರೆಯವರ ಕನ್ನಡಕ ಹಾಕಿಕೊಂಡು ‘ಅಕ್ಷರ ಮಸುಕು’ ಎಂದ ಹಾಗೆ. ಗುಬುಟು ಕೈಯಲ್ಲೇ ತಿರುಗುತ್ತದೆಯೋ, ಸೀಟು ತೆಗೆದು ಸ್ಪ್ಯಾನರ್ ಹಾಕಬೇಕೋ ಎಂಬುದನ್ನೂ ಈಗಲೇ ನೋಡಿ. ದಾರಿಯಲ್ಲಿ ಹಿಂದೆ ಒಬ್ಬರು ಹತ್ತಿದಾಗಲೆಲ್ಲ ಅದನ್ನು ತಿರುಗಿಸಬೇಕಾಗುತ್ತದೆ.

ಇನ್ನು ಭಾರದ ಲೆಕ್ಕ. ಅನುಮತಿಸಿದ ಒಟ್ಟು ತೂಕದಲ್ಲಿ ಪೆಟ್ರೋಲ್ ತುಂಬಿದ ಬೈಕಿನ ತೂಕ ಕಳೆದರೆ ಉಳಿಯುವುದೇ ಅದು ಹೊರುವ ಭಾರ. ದೊಡ್ಡ ಬೈಕುಗಳಲ್ಲೂ ಇದು 180ರಿಂದ 200 ಕೆ.ಜಿ. ಆಸುಪಾಸು ಇರುವುದು ಸಾಮಾನ್ಯ. ಸವಾರ 80, ಅವನ ಹೆಲ್ಮೆಟ್, ಜಾಕೆಟ್, ಬೂಟು 8, ಹಿಂದೆ ಕೂರುವವರು 65, ಅವರ ಉಡುಪು 6, ಎರಡು ಖಾಲಿ ಪೆಟ್ಟಿಗೆ 10, ಒಳಗಿನ ಸಾಮಾನು 18. ಕೂಡಿದರೆ 187 ಆಯಿತು. ಟಾಪ್ ಬಾಕ್ಸ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದು ಹಿಂದಿನ ಆಕ್ಸಲ್ಲಿಗಿಂತ ಹಿಂದೆ, ಎತ್ತರದಲ್ಲಿ ಕೂರುವುದರಿಂದ ಅದರಲ್ಲಿಟ್ಟ ಪ್ರತಿ ಕಿಲೋ ಪಕ್ಕದ ಪೆಟ್ಟಿಗೆಯ ಕಿಲೋಗಿಂತ ಹೆಚ್ಚು ತೊಂದರೆ ಕೊಡುತ್ತದೆ. ವೇಗದಲ್ಲಿ ಬಾಲ ಆಡಿಸುವ ಬೈಕುಗಳಲ್ಲಿ ಅನುಮಾನ ಪಡಬೇಕಾದ ಮೊದಲ ವಸ್ತು ಅದೇ. ಜೊತೆಯಲ್ಲೊಬ್ಬರು ಪ್ರಯಾಣ ಮಾಡುವುದು ಖಚಿತವಿದ್ದರೆ ಅವರನ್ನೂ ಟೆಸ್ಟ್ ರೈಡಿಗೆ ಕರೆದುಕೊಂಡು ಹೋಗಿ. ಮಂಡಿ ಎಷ್ಟು ಮಡಚುತ್ತದೆ, ಹಿಡಿಕೆ ಕೈಗೆ ಎಟುಕುತ್ತದೆಯೇ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತಾರೆಯೇ ಎಂಬುದನ್ನು ಅವರೇ ಹೇಳಬೇಕು.

ದಾರಿಯನ್ನು ನೀವೇ ಆರಿಸಿ, ಮಾರಾಟದವರಿಗೆ ಬಿಡಬೇಡಿ. ಅವರ ಸುತ್ತಿನಲ್ಲಿ ನುಣುಪಾದ ರಸ್ತೆ, ಬಲತಿರುವಿಲ್ಲದ ವೃತ್ತಗಳು, ಅವರದೇ ಬೈಕು ಮುಂದೆ. ಹತ್ತು ನಿಮಿಷ ನಿಂತು ನಿಂತು ಸಾಗುವ ಟ್ರಾಫಿಕ್, ಇಪ್ಪತ್ತೈದು ನಿಮಿಷ ತೆರೆದ ಹೆದ್ದಾರಿ, ಉಳಿದದ್ದು ತಿರುವು ಮತ್ತು ಕಿತ್ತುಹೋದ ಡಾಂಬರು, ಒಂದು ಏರಿನಲ್ಲಿ ನಿಲ್ಲಿಸಿ ಹೊರಡುವ ಜಾಗ. ಸಾಧ್ಯವಾದರೆ ನಿಮ್ಮ ಈಗಿನ ಬೈಕಿನಲ್ಲೇ ಶೋರೂಮಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬನ್ನಿ. ಮೈಗೆ ಹೋಲಿಕೆ ಸಿಗುವುದು ಹಾಗೆ. ಬಿದ್ದರೆ ನಷ್ಟ ಯಾರದು, ವಿಮೆ ಎಷ್ಟರವರೆಗೆ ಎಂಬುದನ್ನು ಸಹಿ ಹಾಕುವ ಮೊದಲು ಓದಿ.

ಮೊದಲ ಐದು ನಿಮಿಷ ಏನನ್ನೂ ತೀರ್ಮಾನಿಸಬೇಡಿ. ಹೊಸ ಬೈಕು ಎಲ್ಲರಿಗೂ ವಿಚಿತ್ರವೆನಿಸುತ್ತದೆ. ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ 20–25 ಕಿ.ಮೀ. ವೇಗ ಹಿಡಿದು, ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಮತ್ತೆ ಕೂದಲೆಳೆಯಷ್ಟು ತೆರೆಯಿರಿ. ಬೈಕು ಗಕ್ಕನೆ ಜಗ್ಗಿದರೆ ಕಾರಣ ಎರಡರಲ್ಲೊಂದು. ರೈಡಿಂಗ್ ಮೋಡನ್ನು ‘ರೇನ್’ಗೆ (ಮಳೆಗೆಂದು ಎಂಜಿನ್ನಿನ ಎಳೆತವನ್ನು ಮೆದುವಾಗಿಸುವ ಹೊಂದಾಣಿಕೆಗೆ) ಬದಲಿಸಿ ಅದನ್ನೇ ಮಾಡಿ. ಜಗ್ಗುವುದು ನಿಂತರೆ ದೋಷ ಎಲೆಕ್ಟ್ರಾನಿಕ್ ಥ್ರಾಟಲ್ಲಿನ ಹೊಂದಾಣಿಕೆಯದು. ಅದು ಆ ಬೈಕಿನ ಹುಟ್ಟುಗುಣ, ದಿನಾ ಸಹಿಸಬೇಕು. ನಿಲ್ಲದಿದ್ದರೆ ಚೈನು ಸಡಿಲವಿರಬಹುದು, ಅದು ಕಾಲು ಗಂಟೆಯ ಕೆಲಸ. ಕವಾಸಾಕಿ ನಿಂಜಾ 1000 ಎಸ್‌ಎಕ್ಸ್‌ನಂತಹ ಚೈನಿನ ಬೈಕಿನಲ್ಲಿ ಈ ಎರಡನೆಯದು ಸಾಧ್ಯ. ಯಮಹಾ ಎಫ್‌ಜೆಆರ್ 1300ರಂತಹ ಶಾಫ್ಟ್ ಡ್ರೈವ್ (ಚೈನಿನ ಬದಲು ತಿರುಗುವ ದಂಡದಿಂದ ಹಿಂಚಕ್ರ ಓಡಿಸುವ) ಬೈಕಿನಲ್ಲಿ ಚೈನಿಗೆ ಎಣ್ಣೆ ಹಾಕುವ, ಬಿಗಿ ಮಾಡುವ ರಗಳೆಯೇ ಇಲ್ಲ, ಆದರೆ ಬೈಕಿನ ತೂಕ 290 ಕೆ.ಜಿ. ಹತ್ತಿರ ಹೋಗುತ್ತದೆ. ಎರಡರಲ್ಲಿ ಯಾವುದು ಬೇಕು ಎಂಬುದಕ್ಕೆ ಉತ್ತರ ಪಾರ್ಕಿಂಗಿನಲ್ಲಿ ಸಿಗುತ್ತದೆ. ಎಂಜಿನ್ ಆರಿಸಿ, ಕೆಳಗಿಳಿದು, ಸ್ವಲ್ಪ ಇಳಿಜಾರಿನಿಂದ ಬೈಕನ್ನು ಹಿಂದಕ್ಕೆ ತಳ್ಳಿ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ತೆಗೆಯಿರಿ. ಪೂರ್ತಿ ಹ್ಯಾಂಡಲ್ ತಿರುಗಿಸಿ ಯು-ಟರ್ನ್ ಮಾಡಿ. ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆಯೇ, ಹೊರಗಿನ ಕೈ ಪೂರ್ತಿ ಚಾಚಿ ಕ್ಲಚ್ ಕೈತಪ್ಪುತ್ತದೆಯೇ ನೋಡಿ. ಇಂಥ ಬೈಕುಗಳು ಬೀಳುವುದು ಹೆಚ್ಚಾಗಿ ನಡೆಯುವ ವೇಗದಲ್ಲೇ.

ಹೆದ್ದಾರಿಯಲ್ಲಿ ಮುಖ್ಯ ಪರೀಕ್ಷೆ ಗಾಳಿಯದು. ವಿಂಡ್‌ಸ್ಕ್ರೀನನ್ನು ಎಲ್ಲಕ್ಕಿಂತ ಕೆಳಗೆ ಇಳಿಸಿ 90–100ರಲ್ಲಿ ಐದು ನಿಮಿಷ, ನಡುವೆ ಇಟ್ಟು ಐದು ನಿಮಿಷ, ಪೂರ್ತಿ ಏರಿಸಿ ಐದು ನಿಮಿಷ ಹೋಗಿ. ಹೆಲ್ಮೆಟ್ ಅದುರುತ್ತಿದ್ದರೆ, ಕಿವಿಯಲ್ಲಿ ದಬದಬ ಸದ್ದು ಬರುತ್ತಿದ್ದರೆ, ಬೆನ್ನು ನೆಟ್ಟಗೆ ಮಾಡಿ ತಲೆಯನ್ನು ನಾಲ್ಕು ಬೆರಳಷ್ಟು ಎತ್ತಿ. ಆಮೇಲೆ ಅಷ್ಟೇ ತಗ್ಗಿಸಿ. ಎತ್ತಿದಾಗ ದಬದಬ ನಿಂತರೆ ಗಾಜಿನ ಅಂಚಿನಿಂದ ಕಳಚಿದ ಸುಳಿ ಹೆಲ್ಮೆಟ್ಟಿಗೆ ಬಡಿಯುತ್ತಿದೆ ಎಂದರ್ಥ, ನಿಮಗೆ ಬೇಕಾದದ್ದು ಗಿಡ್ಡ ಗಾಜು. ತಗ್ಗಿಸಿದಾಗ ನಿಂತರೆ ಎತ್ತರದ್ದು. ಎತ್ತರದ ಗಾಜೆಂದರೆ ನೆಮ್ಮದಿ ಎಂದು ಕಣ್ಣುಮುಚ್ಚಿ ಹಾಕಿಸಿಕೊಂಡವರು ತೊಂದರೆಯನ್ನು ಹೆಚ್ಚಿಸಿಕೊಂಡದ್ದೇ ಹೆಚ್ಚು. ತೀರಾ ಎತ್ತರದ ಗಾಜಿನ ಹಿಂದೆ ಒತ್ತಡ ಕಡಿಮೆಯಾಗಿ, ಬೆನ್ನ ಹಿಂದಿನ ಗಾಳಿ ಸವಾರನನ್ನು ಮುಂದಕ್ಕೆ ನೂಕುತ್ತದೆ. ಹೆಲ್ಮೆಟ್ ನಿಮ್ಮದೇ ಆಗಿರಬೇಕು ಎನ್ನುವುದು ಇದಕ್ಕೇ. ಶೋರೂಮಿನ ಹೆಲ್ಮೆಟ್ಟಿನಲ್ಲಿ ಕೇಳಿದ ಸದ್ದು ಯಾವುದೆಂದು ಹೇಳುವವರು ಯಾರು?

ಅದೇ ವೇಗವನ್ನು ಹತ್ತು ನಿಮಿಷ ಬದಲಿಸದೆ ಹಿಡಿಯಿರಿ. ಸಾವಿರ ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಕೊನೆಯ ಗೇರಿನಲ್ಲಿ ಸುಮಾರು 4,000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಕೆಲವು ಎಂಜಿನ್ನುಗಳಿಗೆ ಒಂದು ನಿರ್ದಿಷ್ಟ ಸುತ್ತಿನಲ್ಲಿ ಮಾತ್ರ ಸಣ್ಣ ಝುಮ್ಮೆನ್ನುವ ಕಂಪನ ಇರುತ್ತದೆ. ಅದು ನೀವು ದಿನವಿಡೀ ಹೋಗುವ ವೇಗಕ್ಕೇ ಬಿದ್ದರೆ ಬೆರಳುಗಳು ಜೋಮು ಹಿಡಿಯುತ್ತವೆ, ಮಿರರಿನಲ್ಲಿ ಹಿಂದಿನ ಲಾರಿ ಬರೀ ಬಣ್ಣದ ಮುದ್ದೆ. ಮಿರರಿನ ಅರ್ಧ ನಿಮ್ಮದೇ ಮೊಣಕೈಯನ್ನು ತೋರಿಸುತ್ತಿದ್ದರೆ ಅದನ್ನೂ ಗುರುತಿಸಿಕೊಳ್ಳಿ. ಮಣಿಕಟ್ಟು ನೋಯುತ್ತಿದ್ದರೆ ಒಮ್ಮೆ ತೊಡೆಯಿಂದ ಟ್ಯಾಂಕನ್ನು ಒತ್ತಿ ಹಿಡಿದು ಕೈಯ ಭಾರ ತೆಗೆದು ನೋಡಿ. ಆಗಲೂ ನೋವು ಹೋಗದಿದ್ದರೆ ಹ್ಯಾಂಡಲ್ ನಿಮಗೆ ತಗ್ಗಾಯಿತು. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಹಿಡಿದಿಡುವ ಸೌಲಭ್ಯ) ಇದ್ದರೆ ಏರು ಇಳಿಜಾರುಗಳಲ್ಲಿ ಹಾಕಿ ನೋಡಿದರೆ ಸಾಕು. ಕ್ಲಚ್ ಹಿಡಿಯದೆ ಗೇರು ಬದಲಿಸಲು ಬಿಡುವ ಕ್ವಿಕ್‌ಶಿಫ್ಟರಿಗೆ ಜನ ಕೊಡುವಷ್ಟು ಬೆಲೆ ನಾವು ಕೊಡುವುದಿಲ್ಲ.

ಬ್ರೇಕನ್ನು ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಟೈರು ಬಿಸಿಯಾದ ಮೇಲೆ 50ರ ವೇಗದಿಂದ ಪರೀಕ್ಷಿಸಿ. ಮೊದಲು ಮೆಲ್ಲಗೆ, ಎರಡನೇ ಸಲ ಗಟ್ಟಿಯಾಗಿ. ಲಿವರ್ ಬೆರಳಿನ ಎರಡನೇ ಗೆಣ್ಣಿಗೆ ಸಿಗುವಂತೆ ಹೊಂದಿಸಿಕೊಂಡಿರಬೇಕು. ಕೆಲವು ಮಾಡೆಲ್‌ಗಳಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಯು-ಟರ್ನಿನಲ್ಲಿ ಹಿಂದಿನ ಬ್ರೇಕನ್ನು ಮಾತ್ರ ಬಳಸಿ ಅಭ್ಯಾಸವಿರುವವರಿಗೆ ಇದು ತಿಳಿದಿರಬೇಕು.

ವಾಪಸು ಬರುವಾಗ ಮತ್ತೆ ಟ್ರಾಫಿಕ್ಕಿಗೆ ಹೋಗಿ. ರೇಡಿಯೇಟರಿನ ಫ್ಯಾನ್ ತಿರುಗಲು ಶುರುವಾದಾಗ ಬಿಸಿಗಾಳಿ ಎಲ್ಲಿಗೆ ಬರುತ್ತದೆ? ಮೊಣಕಾಲಿಗೋ, ತೊಡೆಯ ಒಳಭಾಗಕ್ಕೋ, ನೆಲಕ್ಕೋ? ತಂಪು ಮುಂಜಾನೆಯಲ್ಲಿ ಟೆಸ್ಟ್ ರೈಡ್ ಮಾಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಸಾಧ್ಯವಾದರೆ ಮಧ್ಯಾಹ್ನ ಹೊರಟು ಮುಸ್ಸಂಜೆಗೆ ಮುಗಿಸಿ, ಹೆಡ್‌ಲೈಟೂ ಪರೀಕ್ಷೆಯಾದಂತಾಗುತ್ತದೆ. ಬಿಸಿಲಿನಲ್ಲಿ ಪರದೆ ಓದಲು ಬರುತ್ತದೆಯೇ ಎಂದು ನೋಡುವಾಗ ನಿಮ್ಮ ತಂಪು ಕನ್ನಡಕವನ್ನೂ ಹಾಕಿಕೊಳ್ಳಿ. ಪೋಲರೈಸ್ಡ್ ಗಾಜಿನ ಹಿಂದೆ ಕೆಲವು ಪರದೆಗಳು ಕಪ್ಪಾಗಿಬಿಡುತ್ತವೆ.

ಹಳೆಯ ಬೈಕಾದರೆ ಇನ್ನೂ ಮೂರು ಕೆಲಸ. ಹೋದೊಡನೆ ಎಂಜಿನ್ ಮುಟ್ಟಿ ನೋಡಿ; ನೀವು ಬರುವ ಮುಂಚೆಯೇ ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿನ ತೊಂದರೆ ಮುಚ್ಚಿಟ್ಟಿರಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂಚಕ್ರ ನೆಲ ಬಿಡುವಂತೆ ಹಿಂದೆ ಯಾರಾದರೂ ಒತ್ತಿ ಹಿಡಿದಾಗ ಹ್ಯಾಂಡಲನ್ನು ಎರಡು ಬೆರಳಲ್ಲಿ ಆಚೀಚೆ ತಿರುಗಿಸಿ. ಸರಿಯಾಗಿ ನಡುವೆ ಟಕ್ಕೆಂದು ಕೂತರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರ) ತೀರಾ ಹಿಂಬದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಎದ್ದು ಬಂದರೆ ಚೈನು, ಸ್ಪ್ರಾಕೆಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೇ ವಾರ. ಟೈರಿನ ಗೀರುಗಳು ಆಳವಾಗಿದ್ದರೂ ವಯಸ್ಸಾದ ರಬ್ಬರು ಕಲ್ಲಾಗಿರುತ್ತದೆ.

ಪತ್ರಿಕೆಗೆ ಒಂದು ಮನವಿ. ವಿಮರ್ಶೆಯ ಕೊನೆಯಲ್ಲಿ ಕೊಡುವ ಪಟ್ಟಿಯಲ್ಲಿ ಹೊರುವ ಭಾರ, ವಾಲ್ವ್ ಕ್ಲಿಯರೆನ್ಸ್ (ಎಂಜಿನ್ನಿನ ವಾಲ್ವುಗಳ ಸಂದು) ನೋಡಬೇಕಾದ ಕಿ.ಮೀ., ಟ್ಯಾಂಕಿನ ಲೀಟರನ್ನು ಮೈಲೇಜಿನಿಂದ ಗುಣಿಸಿದ ದೂರ, ಈ ಮೂರು ಸಾಲು ಸೇರಿಸಿ. 19 ಲೀಟರಿನ ಟ್ಯಾಂಕ್, ಲೀಟರಿಗೆ 18 ಕಿ.ಮೀ. ಎಂದರೆ ಕಾಗದದ ಮೇಲೆ 342 ಕಿ.ಮೀ.; ಮೂರು ಲೀಟರ್ ಉಳಿಸಿಕೊಂಡು ಬಂಕ್ ಹುಡುಕುವವರಿಗೆ 288. ಓದುಗರಿಗೆ ಉಪಯೋಗಕ್ಕೆ ಬರುವುದು ಎರಡನೆಯ ಅಂಕಿ.

ಕೊಳ್ಳುವವರು ಇಳಿದ ಕೂಡಲೇ, ಮಾರಾಟದವರೊಡನೆ ಮಾತಿಗೆ ಕೂರುವ ಮೊದಲೇ, ಎಲ್ಲೆಲ್ಲಿ ನೋವಾಯಿತು, ಎಲ್ಲೆಲ್ಲಿ ಹೆದರಿಕೆಯಾಯಿತು ಎಂದು ಫೋನಿನಲ್ಲಿ ದನಿಮುದ್ರಿಸಿಕೊಳ್ಳಲಿ. ಮುಂಗಡ ಅಂದು ಬೇಡ. ಮರುದಿನ ಎದ್ದಾಗ ಕತ್ತು, ಮಣಿಕಟ್ಟು, ಸೊಂಟದ ಕೆಳಭಾಗ ಏನು ಹೇಳುತ್ತವೆ ಎಂದು ಕೇಳಿ, ಆಮೇಲೆ ಶೋರೂಮಿಗೆ ಫೋನ್ ಮಾಡಲಿ.

ಇಂತಿ,
ದೂರಪ್ರಯಾಣದ ಬೈಕ್ ಸವಾರರು ಮತ್ತು ಮೆಕ್ಯಾನಿಕ್‌ಗಳು