ಅಪ್ಪಾ, ನಡಿಗೆ ಬಿಡಬೇಡಿರಿ

ಹ್ಯಾಲಿಫ್ಯಾಕ್ಸ್, ಕೆನಡಾ
ಫೆಬ್ರವರಿ 9

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಕ್ಷೇಮ.

ಅವ್ವ ತಂಗಿಯ ಕೈಯಿಂದ ಬರೆಸಿದ ಪತ್ರ ಮೊನ್ನೆ ಮುಟ್ಟಿತು. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನೀವು ಗೋಳಗುಮ್ಮಟದ ಕಡೆ ಹೆಜ್ಜೆಯನ್ನೇ ಇಟ್ಟಿಲ್ಲವೆಂದೂ, ದಿನವಿಡೀ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿರುತ್ತೀರೆಂದೂ, ಯಾರಾದರೂ ಕೇಳಿದರೆ "ದಣಿದ ಎದಿಗೆ ಮತ್ತ ಯಾಕ ದಣಿವು" ಎಂದು ಅವರ ಬಾಯಿ ಮುಚ್ಚಿಸುತ್ತೀರೆಂದೂ ಓದಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ನೀವು "ಆರಾಮ ಇದ್ದೀನಿ" ಎಂಬುದರಾಚೆ ಮಾತು ಬೆಳೆಸುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನು ದಿನಾಲೂ ನಡೆಯುವ ಪಾಯಿಂಟ್ ಪ್ಲೆಸೆಂಟ್ ಉದ್ಯಾನ ಈ ಊರಿನ ದಕ್ಷಿಣ ತುದಿಯಲ್ಲಿ, ಸಮುದ್ರಕ್ಕೆ ಚಾಚಿಕೊಂಡಿದೆ. ಉದ್ಯಾನವೆಂದರೆ ಹೂವಿನ ಮಡಿಗಳಲ್ಲ, ಸುಮಾರು 185 ಎಕರೆ ಕಾಡು. ಬಂದರನ್ನು ಕಾಯಲು ಬ್ರಿಟಿಷ್ ಸೇನೆ ಇಲ್ಲಿ ತೋಪುಗಳನ್ನು ಇಟ್ಟಿತ್ತು. ನಗರದವರು ಈ ಜಾಗಕ್ಕೆ ವರ್ಷಕ್ಕೆ ಒಂದೇ ಶಿಲಿಂಗ್ ಬಾಡಿಗೆ ಕೊಡುವ ಕರಾರಿದ್ದು, ಅದರ ಅವಧಿ 999 ವರ್ಷ. ಹೊಲದ ಲಾವಣಿಯ ಲೆಕ್ಕ ಬಲ್ಲ ಇಂಡಿ ಕಾಕಾನಿಗೆ ಇದನ್ನು ತಪ್ಪದೆ ಹೇಳಿರಿ.

ಕಾಡಿನ ನಡುವೆ 1796ರಲ್ಲಿ ಕಟ್ಟಲು ತೊಡಗಿದ ದುಂಡನೆಯ ಕಲ್ಲಿನ ಗೋಪುರವೊಂದಿದೆ. ಎಂಟು ಅಡಿ ದಪ್ಪ ಗೋಡೆಯ ಈ ಪ್ರಿನ್ಸ್ ಆಫ್ ವೇಲ್ಸ್ ಟವರ್, ಮಾರ್ಟೆಲ್ಲೊ ಎಂದು ಕರೆಯುವ ಇಂಥ ಗೋಪುರಗಳಲ್ಲಿ ಉತ್ತರ ಅಮೆರಿಕಕ್ಕೇ ಹಳೆಯದು. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ನಮ್ಮ ವಿಜಯಪುರದ ಉಪ್ಪಲಿ ಬುರುಜೂ, ಅದರ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳನ್ನು ನೀವು ನನ್ನ ಕೈಹಿಡಿದು ಹತ್ತಿಸಿದ್ದೂ ನೆನಪಾಗುತ್ತದೆ. ನಮ್ಮ ಬುರುಜಿನ ಅರ್ಧ ಎತ್ತರವೂ ಇದಕ್ಕಿಲ್ಲ. 55 ಟನ್ ತೂಕದ ಮಲಿಕ್-ಇ-ಮೈದಾನ್ ತೋಪಿನ ಚಿತ್ರ ತೋರಿಸಿದ ದಿನ ಇಲ್ಲಿಯ ಗೆಳತಿಯರು ಬಹಳ ಹೊತ್ತು ಅದನ್ನೇ ನೋಡಿದರು.

ಅಪ್ಪಾ, ಇಲ್ಲಿ ನಡಿಗೆಗೆ ರಜೆಯೆಂಬುದಿಲ್ಲ. ಬೇಸಿಗೆಯಲ್ಲಿ ಮರಗಳ ನಡುವೆ ಶೇಕ್ಸ್‌ಪಿಯರನ ನಾಟಕಗಳಾಗುತ್ತವೆ. ಸೈಕಲ್ಲಿಗೆ ವಾರದ ದಿನಗಳಲ್ಲಷ್ಟೇ ಪರವಾನಗಿ ಇರುವುದರಿಂದ ಶನಿವಾರ, ಭಾನುವಾರಗಳಲ್ಲಿ ಮುದುಕರು ಹೆದರಿಕೆಯಿಲ್ಲದೆ ನಡೆಯುತ್ತಾರೆ. ಈಗ ದಾರಿಯೆಲ್ಲ ಹಿಮ. ಬೂಟಿನ ಅಡಿಗೆ ಜಾರದಂತೆ ಮುಳ್ಳಿನ ಪಟ್ಟಿ ಬಿಗಿದುಕೊಂಡು ಬರುವವರಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನೂ ಒಬ್ಬರು. ಅವರಿಗೂ ಸ್ಟೆಂಟ್ ಹಾಕಿದೆ. ಮೊದಲ ವಾರ ಗೇಟಿನಿಂದ ಹತ್ತು ನಿಮಿಷ ಮಾತ್ರ ನಡೆದವರು ಈಗ ಗೋಪುರದವರೆಗೆ ಹೋಗಿ ಬರುತ್ತಾರೆ. 2003ರ ಸೆಪ್ಟೆಂಬರಿನ ಚಂಡಮಾರುತ ಒಂದೇ ರಾತ್ರಿಯಲ್ಲಿ ಈ ಕಾಡಿನ ಮುಕ್ಕಾಲು ಪಾಲು ಮರಗಳನ್ನು ಕೆಡವಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆಮೇಲೆ ಎದ್ದ ಮರಗಳನ್ನು ಒಂದೊಂದಾಗಿ ನನಗೆ ತೋರಿಸುತ್ತ, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ಮುಂದೆ ಸಾಗುತ್ತಾರೆ. ಅವರ ಹಿಂದೆ ನಡೆಯುವಾಗ ನನಗೆ ನಿಮ್ಮದೇ ಚಿಂತೆ.

ಡಾಕ್ಟರು ನಡೆಯಲು ಹೇಳಿದ್ದಾರೆಂದು ತಂಗಿ ಸ್ಪಷ್ಟವಾಗಿ ಬರೆದಿದ್ದಾಳೆ. ಬಿಸಿಲೇರುವ ಮೊದಲೇ ಗುಮ್ಮಟದ ತೋಟಕ್ಕೆ ಹೋಗಿರಿ, ಬಾಗೇವಾಡಿ ಮಾವನವರನ್ನು ಜೊತೆಗೆ ಕರೆದುಕೊಳ್ಳಿರಿ, ಹತ್ತು ನಿಮಿಷದಿಂದ ಸುರುಮಾಡಿರಿ. ಎದೆ ಬಿಗಿದಂತಾದರೆ ಅಲ್ಲೇ ನಿಲ್ಲಿರಿ. ಅದನ್ನು ಅವ್ವನಿಂದ ಮುಚ್ಚಿಡದೆ ಅಂದೇ ಡಾಕ್ಟರಿಗೆ ತೋರಿಸಿರಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬೇಡಿರಿ. ತಪಾಸಣೆಗೆಂದು ಹಣ ಕಳಿಸಿದ್ದೇನೆ, ಅದನ್ನು ಹೊಲಕ್ಕೆ ಹಾಕಬೇಡಿರಿ.

ನಮ್ಮ ಚಿಂತೆ ಮಾಡಬೇಡಿರಿ. ಮನೆಯೊಳಗೆ ಚಳಿಯೇ ಇಲ್ಲ, ಹೊರಗೆ ಹೋಗುವಾಗ ಮೂರು ಪದರ ಬಟ್ಟೆ ಹಾಕುತ್ತೇನೆ, ಕತ್ತಲಾದ ಮೇಲೆ ಕಾಡಿನ ಕಡೆ ಹೋಗುವುದಿಲ್ಲ, ಮಗುವಿನ ನೆಗಡಿಯೂ ಪೂರ್ತಿ ಹೋಗಿದೆ, ಊಟಕ್ಕೆ ಜೋಳದ ಹಿಟ್ಟೂ ಸಿಗುತ್ತದೆ. ನಿಜವಾಗಿಯೂ ಏನೂ ತೊಂದರೆಯಿಲ್ಲ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಅವ್ವನಿಗೆ ನಮಸ್ಕಾರ. ಎಷ್ಟು ನಿಮಿಷ ನಡೆದಿರೆಂದು ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ನಿಮ್ಮ ಮಗಳು