ಕಾರ್ಬೊರೇಟರ್ ಬಿಚ್ಚುವ ಮೊದಲು: ಮಗಳಿಗೊಂದು ಪತ್ರ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಲವತ್ತು ಸಲ ಕಿಕ್ಕರ್ ತುಳಿದರೂ ನಿನ್ನ ಹಳೆಯ ಬುಲ್ಟಾಕೊ ಬೈಕ್ ಉಸಿರೆತ್ತಲಿಲ್ಲವೆಂದೂ, ಕಾಲಿನ ಮೀನಖಂಡ ಬಾತುಕೊಂಡಿದೆಯೆಂದೂ ಬರೆದಿದ್ದೀಯ. ಕಾರ್ಬೊರೇಟರ್ ಬಿಚ್ಚಲೇ ಎಂದು ಕೇಳಿದ್ದೀಯ. ಬೇಡ, ಸದ್ಯಕ್ಕೆ ಅದನ್ನು ಮುಟ್ಟಬೇಡ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಒರೆಸುವುದಕ್ಕೆ ಮುಂಚೆ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡು. ಅಷ್ಟು ತುಳಿದ ಮೇಲೂ ಅದು ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿನವರೆಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಅದನ್ನು ಹೊತ್ತಿಸುವ ಕಿಡಿ ಸಾಲುತ್ತಿಲ್ಲ. ಯಾವ ಕಡೆ ಹುಡುಕಬೇಕೆಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

1965ರಲ್ಲಿ ಸ್ಯಾಮಿ ಮಿಲ್ಲರ್ ಎಂಬ ಸವಾರ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಬೈಕ್ ಸ್ಪರ್ಧೆ ಗೆದ್ದದ್ದು ನಿನ್ನ ಈ ಶೆರ್ಪಾ ಟಿ ವಂಶದ ಗಾಡಿಯ ಮೇಲೆಯೇ. ಕಾಲು ನೆಲಕ್ಕೆ ಊರದೆ, ಬಂಡೆಗಳ ಮೇಲೆ ನಡಿಗೆಯ ವೇಗದಲ್ಲಿ ಹತ್ತಿಳಿಯುವುದಕ್ಕೆಂದು ಕಟ್ಟಿದ ಗಾಡಿಯಾದ್ದರಿಂದ ಅದರಲ್ಲಿ ಬೇಡದ ಭಾರವೊಂದೂ ಇಲ್ಲ; ಬ್ಯಾಟರಿಯೂ ಇಲ್ಲ. ಕಿಡಿಗೆ ಬೇಕಾದ ಕರೆಂಟ್ ಪೂರ್ತಿ ಹುಟ್ಟುವುದು ನೀನು ತುಳಿದಾಗ ತಿರುಗುವ ಮ್ಯಾಗ್ನೆಟ್ಟಿನಿಂದಲೇ. ಹಾಗಾಗಿ ಅರೆಮನಸ್ಸಿನಿಂದ ನಲವತ್ತು ಸಲ ತುಳಿಯುವುದಕ್ಕಿಂತ, ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಪಿಸ್ಟನ್ ಗಟ್ಟಿಯಾಗಿ ಎದುರು ಒತ್ತುವ ಜಾಗವನ್ನು ತುಸುವೇ ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟುಕೊಂಡು, ಅಲ್ಲಿಂದ ಕೆಳಗಿನ ತುದಿಯವರೆಗೆ ಮೈಭಾರ ಹಾಕಿ ಒಂದೇ ಸಲ ತುಳಿಯುವುದು ಹೆಚ್ಚು ಫಲ ಕೊಡುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಸಲ ತುಳಿ. ಒಳಗೆ ತುಂಬಿಕೊಂಡ ಪೆಟ್ರೋಲ್ ಹೊರಗೆ ಹೋಗಲಿ. ಆಮೇಲೆ ಒಣ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರ್ ಹೆಡ್ಡಿಗೆ ಚೆನ್ನಾಗಿ ತಾಗುವಂತೆ ಇಟ್ಟು ತುಳಿದು ನೋಡು. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಆದ್ದರಿಂದ ಕಿಡಿ ಆ ತೂತಿನಿಂದ ದೂರವಿರಲೇಬೇಕು; ಇದನ್ನು ಮರೆಯಬೇಡ. ಕಿಡಿ ದಪ್ಪಗೆ ನೀಲಿಯಾಗಿ ಚಟ್ಟೆನ್ನಬೇಕು. ಹೊರಗೆ ಕಿಡಿ ಕಂಡಿತೆಂದ ಮಾತ್ರಕ್ಕೆ ನಂಬಬೇಡ, ಏಕೆಂದರೆ ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಹಾರಲು ಅದಕ್ಕೆ ಇನ್ನೂ ಹೆಚ್ಚು ವೋಲ್ಟೇಜ್ ಬೇಕು. ಬಯಲಿನಲ್ಲಿ ಸಣ್ಣಗೆ ಹಳದಿಯಾಗಿ ಹಾರುವ ಕಿಡಿ ಒಳಗೆ ಹಾರದೆಯೇ ಹೋಗಬಹುದು.

ಇದನ್ನು ನಾನು ಕಲಿತದ್ದು ಎರಡು ವಾರ ಕಳೆದುಕೊಂಡು. ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಹತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ಇಂಜಿನ್ ಆರುವವರೆಗೆ ಏನು ಮಾಡಿದರೂ ಏಳುತ್ತಿರಲಿಲ್ಲ. ಕಸ ಸಿಕ್ಕಿದೆಯೆಂದು ಮೂರು ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಕೊನೆಗೆ ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಮ್ಯಾಗ್ನೆಟ್ಟಿನ ಮುಚ್ಚಳ ತೆಗೆದು ತುಳಿದಾಗ, ಮ್ಯಾಗ್ನೆಟ್ ಹೊತ್ತು ತಿರುಗುವ ಚಕ್ರವಾದ ಫ್ಲೈವ್ಹೀಲಿನ ಕಿಂಡಿಯೊಳಗೆ ಪಾಯಿಂಟ್ಸ್, ಅಂದರೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್, ತೆರೆಯುವ ಪ್ರತಿ ಸಲವೂ ಬೆಳಕು ಮಿಂಚುವುದು ಕಾಣಿಸಿತು. ಪಾಯಿಂಟ್ಸ್ ತೆರೆದ ಕ್ಷಣದಲ್ಲಿ ಕರೆಂಟ್ ಅಲ್ಲೇ ಹಾರದಂತೆ ತನ್ನೊಳಗೆ ಎಳೆದುಕೊಳ್ಳಬೇಕಾದದ್ದು ಕಂಡೆನ್ಸರ್. ಅದು ಬಿಸಿಗೆ ಸೋತಿತ್ತು. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟ್ಸ್ ಸುಡುವುದರಲ್ಲೇ ಮುಗಿದುಹೋಗುತ್ತಿತ್ತು. ಬೆರಳ ತುದಿಯಷ್ಟು ದೊಡ್ಡ ಆ ಡಬ್ಬಿಯನ್ನು ಬದಲಿಸಿದೆ, ಮೂರನೇ ತುಳಿತಕ್ಕೆ ಗಾಡಿ ಎದ್ದಿತು.

ಹಾಗೆಂದು ನೇರವಾಗಿ ಕಂಡೆನ್ಸರಿಗೆ ಕೈ ಹಾಕಬೇಡ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ತಂತಿಯನ್ನು ಕಳಚಿಟ್ಟು ಒಮ್ಮೆ ನೋಡು. ಹ್ಯಾಂಡಲ್ ತಿರುಗುವಲ್ಲಿ ಅದರ ಮೈ ಸವೆದು ಚಾಸಿಗೆ ತಾಗಿದರೆ ಕಿಡಿ ಸತ್ತೇಹೋಗುತ್ತದೆ. ಪಾಯಿಂಟ್ಸಿನ ನಡುವೆ ಎಣ್ಣೆಯ ಪಸೆಯಿದ್ದರೆ ಗಟ್ಟಿ ಕಾಗದದ ಚೂರೊಂದನ್ನು ಎಳೆದು ಒರೆಸು. ಆಮೇಲೆ ಅವು ಪೂರ್ತಿ ತೆರೆದಾಗಿನ ಅಂತರವನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆ, ಸುಮಾರು 0.4 ಮಿ.ಮೀ. ಇರಲಿ.

ಕಿಡಿ ಚೆನ್ನಾಗಿದ್ದೂ ಕಿಕ್ಕರ್ ತಿರುಗಿ ಒದೆಯುತ್ತಿದ್ದರೆ ಫ್ಲೈವ್ಹೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಲೋಹದ ತುಂಡನ್ನು, ಅಂದರೆ ಕೀಲಿಯನ್ನು, ಸಂದೇಹಿಸು. ನಿಧಾನಗತಿಯಲ್ಲಿ ಇಂಜಿನ್ ನಿಲ್ಲದಿರಲೆಂದು ಈ ಗಾಡಿಗಳಿಗೆ ಭಾರವಾದ ಫ್ಲೈವ್ಹೀಲ್ ಹಾಕಿರುತ್ತಾರೆ. ಅದನ್ನು ಹಿಡಿದಿಡುವುದು ಶಾಫ್ಟಿನ ಇಳಿಜಾರು ಮತ್ತು ಬಿಗಿದ ನಟ್. ಕೀಲಿ ಇರುವುದು ಜಾಗ ತೋರಿಸಲು ಮಾತ್ರ. ನಟ್ ಸಡಿಲಾದರೆ ಕೀಲಿ ಅರ್ಧ ಕತ್ತರಿಸಿಕೊಂಡು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿದುಹೋಗುತ್ತದೆ.

ಪ್ಲಗ್ ಒಣಗಿದ್ದರೆ ಕೆಲಸ ಸುಲಭ. ಟ್ಯಾಂಕ್ ಮುಚ್ಚಳದ ಗಾಳಿತೂತು, ಕಾಕಿನ ಜಾಲರಿ, ಕಡೆಗೆ ಕಾರ್ಬೊರೇಟರಿನಲ್ಲಿ ನಿಧಾನಗತಿಗೆ ಪೆಟ್ರೋಲ್ ಕೊಡುವ ಸಣ್ಣ ತೂತಾದ ಪೈಲಟ್ ಜೆಟ್, ಈ ಕ್ರಮದಲ್ಲಿ ನೋಡು. ಅಮಾಲ್ ಕಾರ್ಬೊರೇಟರಿನ ಟಿಕ್ಲರನ್ನು, ಅಂದರೆ ಪೆಟ್ರೋಲ್ ಉಕ್ಕಿಸುವ ಪುಟ್ಟ ಗುಂಡಿಯನ್ನು, ಬೆರಳು ಒದ್ದೆಯಾಗುವವರೆಗೆ ಒತ್ತುವುದು ಇಂಜಿನ್ ತಣ್ಣಗಿದ್ದಾಗ ಮಾತ್ರ. ಒಂದು ಆತಂಕ ನನಗಿದೆ: ನಿನ್ನ ಟ್ಯಾಂಕ್ ಹಳೆಯ ಫೈಬರ್‌ಗ್ಲಾಸಿನದು, ಎಥನಾಲ್ ಬೆರೆತ ಪೆಟ್ರೋಲ್ ಅದರ ರಾಳವನ್ನು ಮೆತ್ತಗೆ ಮಾಡಿ ಕಾರ್ಬೊರೇಟರಿಗೆ ತಂದು ಅಂಟಿಸುತ್ತದೆ. ಓಡಿಸಿ ಬಂದ ಮೇಲೆ ಟ್ಯಾಂಕನ್ನು ಖಾಲಿ ಮಾಡಿಡು.

ಇದೆಲ್ಲ ಸರಿಯಿದ್ದೂ ಗಾಡಿ ಏಳದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳತ್ತ ಗಮನ ಕೊಡಬೇಕಾಗುತ್ತದೆ. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು, ಸೀಲ್ ಗಟ್ಟಿಯಾಗಿ ಬಿರಿದರೆ ಅದು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಆ ಕೆಲಸ ನೀನೊಬ್ಬಳೇ ಮಾಡಬೇಡ, ನಾನು ಬರುತ್ತೇನೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತುಳಿದು ನೋಡಿ, ಕಂಡದ್ದನ್ನು ಬರೆದಿಡು. ಪ್ಲಗ್ ಬಿಚ್ಚಿದ ಕೂಡಲೇ ಅದರ ಫೋಟೊ ಕಳಿಸು. ನನ್ನ ಬಳಿಯಿದ್ದ ಹೊಸ ಕಂಡೆನ್ಸರ್ ಒಂದನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಇತಿ,
ನಿನ್ನ ಅಪ್ಪ