ಸೋಫಾಗಿಂತ ಮೊದ್ಲು ಸಾಕೆಟ್ ನೋಡಿ

ಮಾನ್ಯ ಸಂಪಾದಕರೇ,

ಬೆಂಗಳೂರಲ್ಲಿ ಹೊಸ ಫ್ಲ್ಯಾಟ್ ತಗೊಂಡೋರು ಹಾಲು ಉಕ್ಕಿಸಿದ ಮಾರನೇ ದಿನಾನೇ ಸೋಫಾ, ಟಿವಿ ಯೂನಿಟ್, ಫಾಲ್ಸ್ ಸೀಲಿಂಗ್ ಅಂತ ಲಕ್ಷಗಟ್ಲೆ ಸುರೀತಾರೆ, ಆದ್ರೆ ಪವರ್ ಪಾಯಿಂಟ್ ಎಲ್ಲೆಲ್ಲಿದೆ, ಎಷ್ಟು ಆಂಪ್ಸಿಂದು (ಅಂದ್ರೆ ಎಷ್ಟು ಕರೆಂಟ್ ತಡ್ಕೊಳ್ಳುತ್ತೆ) ಅಂತ ಯಾರೂ ನೋಡಲ್ಲ, ಬಿಲ್ಡರಂತೂ ಬಾಯಿ ಬಿಡಲ್ಲ. ನಮ್ಮ ಅಡುಗೆಮನೇಲಿ ಫ್ರಿಜ್, ಮೈಕ್ರೋವೇವ್, ಇಂಡಕ್ಷನ್ ಒಲೆ ಎಲ್ಲಕ್ಕೂ ಸೇರಿ 16 ಆಂಪ್ಸಿನ ಒಂದೇ ಸಾಕೆಟ್. ಗ್ರೈಂಡರಿಗೆ ಜಾಗಾನೇ ಇಲ್ಲ, ಪಾಪ ಯುಟಿಲಿಟೀಲಿ ವಾಷಿಂಗ್ ಮಷೀನ್ ಪಕ್ಕ ನೆಲದ ಮೇಲೆ ಕೂತಿದೆ, ದೋಸೆಗೆ ರುಬ್ಬೋವಾಗ ಬಟ್ಟೆ ಒಗೆಯೋ ಹಾಗಿಲ್ಲ, ಯಾಕಂದ್ರೆ ಎರಡಕ್ಕೂ ಇರೋದು ಅದೊಂದೇ ಪ್ಲಗ್ಗು. ಮಾಡೆಲ್ ಫ್ಲ್ಯಾಟಲ್ಲಿ ಹೂದಾನಿ ಇಡ್ತಾರೆ ಹೊರತು ಗ್ರೈಂಡರ್ ಇಡಲ್ಲ ನೋಡಿ!

ಎಷ್ಟೋ ಜನ ಎಕ್ಸ್‌ಟೆನ್ಶನ್ ಬೋರ್ಡಲ್ಲೇ ಕಾಲ ತಳ್ತಾರೆ. 2000 ವ್ಯಾಟಿನ ಗೀಸರ್ ಹತ್ರತ್ರ 9 ಆಂಪ್ಸ್ ಎಳೆಯುತ್ತೆ, ಅದನ್ನ 6 ಆಂಪ್ಸ್ ಬೋರ್ಡಿಗೆ ಚುಚ್ಚಿದ್ರೆ ವೈರ್ ಬಿಸಿಯಾಗಿ ಸುಟ್ಟು ಹೋಗೋ ಅಪಾಯ ಇದೆ.

ಇನ್ನೊಂದು ಮಾತು. ಮನೆ ಕೊಳ್ಳೋರ ರಕ್ಷಣೆಗಿರೋ 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಪ್ರಕಾರ ಮನೆ ಸ್ವಾಧೀನಕ್ಕೆ ಬಂದ 5 ವರ್ಷದೊಳಗೆ ಕೆಲಸದ ದೋಷ ತಿಳಿಸಿದ್ರೆ ಬಿಲ್ಡರ್ 30 ದಿನದಲ್ಲಿ ಬಿಟ್ಟಿಯಾಗಿ ಸರಿ ಮಾಡ್ಕೊಡಬೇಕು, ಆದ್ರೆ ಗೋಡೆ ತುಂಬ ವಾರ್ಡ್ರೋಬ್ ಹೊಡೆಸಿಬಿಟ್ರೆ ಹಿಂದೆ ನೀರು ಒಸರೋದು ಕಾಣೋದಾದ್ರೂ ಹೇಗೆ? ಒಂದು ಮಳೆಗಾಲ ಕಳೀಲಿ, ಆಮೇಲೆ ಕಾರ್ಪೆಂಟರನ್ನ ಕರೀರಿ. ಬಿಲ್ಡರ್‌ಗಳೂ ಕೀ ಜೊತೆಗೆ ವೈರಿಂಗ್ ಮತ್ತೆ ಪೈಪಿನ ನಕ್ಷೆ ಕೊಡೋದನ್ನ ಸರ್ಕಾರ ಕಡ್ಡಾಯ ಮಾಡಲಿ, ಡ್ರಿಲ್ ಹಾಕೋಕೆ ಮುಂಚೆ ಅದು ಕೈಲಿರಬೇಕು.

– ಓದುಗ, ಯಲಹಂಕ, ಬೆಂಗಳೂರು